ಬೆಲ್ಜಿಯಂ ಕುರ್ಚಿಗೆ ಹತ್ತಕ್ಕೆ ಮೂರು: ಯುರೋಪ್ ಅಧ್ಯಯನ ಕೇಂದ್ರದ ಒಂದು ಅಣಕು ಸಭೆಯ ಪ್ರಕರಣ ಅಧ್ಯಯನ

ಈ ಪ್ರಕರಣ ಶುರುವಾಗಿದ್ದು ಒಂದು ಅಂಕದಿಂದ.

ನಾನು ಪಾಠ ಮಾಡುವ ಯುರೋಪ್ ಅಧ್ಯಯನ ಕೇಂದ್ರದಲ್ಲಿ ಎಂಎ ವಿದ್ಯಾರ್ಥಿಗಳಿಗೆ ಪ್ರತಿ ಸೆಮಿಸ್ಟರಿಗೂ ಒಂದು ಅಣಕು ಸಭೆ ಇರುತ್ತದೆ. ಐರೋಪ್ಯ ಒಕ್ಕೂಟದ ಸಚಿವರ ಮಂಡಳಿ ಹೇಗೆ ಕೂತು, ಮಾತಾಡಿ, ಮತ ಹಾಕುತ್ತದೋ ಹಾಗೆ ಇವರೂ ಮಾಡಬೇಕು. ಒಬ್ಬೊಬ್ಬರಿಗೆ ಒಂದೊಂದು ದೇಶ. 2024ರ ಕೊನೆಯ ಸೆಮಿಸ್ಟರಿನ ಸಭೆಯಲ್ಲಿ ಬೆಲ್ಜಿಯಂ ಕುರ್ಚಿಯಲ್ಲಿ ಕೂತಿದ್ದ ಹುಡುಗಿಗೆ ‘ಸಂಧಾನ’ ಎಂಬ ಕಾಲಮ್ಮಿನಲ್ಲಿ ಹತ್ತಕ್ಕೆ ಮೂರು ಬಂತು. ಅಂಕ ಹಾಕಿದ್ದು ನಾನೇ. ಕಾರಣವನ್ನೂ ಬರೆದಿದ್ದೆ: "ಕೊನೆಯವರೆಗೂ ಒಂದಿಂಚೂ ಸರಿಯಲಿಲ್ಲ."

ಎರಡು ದಿನ ಬಿಟ್ಟು ಅವಳು ನನ್ನ ಕೋಣೆಗೆ ಬಂದಳು. ದನಿ ಏರಿಸಲಿಲ್ಲ. ನಾಲ್ಕು ಹಾಳೆ ಮುದ್ರಿಸಿ ತಂದಿದ್ದಳು, ಅಲ್ಲಲ್ಲಿ ಹಳದಿ ಗೆರೆ ಎಳೆದಿದ್ದಳು. "ಬೆಲ್ಜಿಯಂ ಬೇರೇನು ಮಾಡೋಕೆ ಆಗ್ತಿತ್ತು ಅಂತ ನೀವೇ ಹೇಳಿ ಮೇಡಂ," ಎಂದಳು. ಆ ಹಾಳೆಗಳನ್ನು ಓದಿದೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ನಮ್ಮ ಕೇಂದ್ರದಲ್ಲಿ ಏನೇನು ಬದಲಾಯಿತು, ಯಾಕೆ ಬದಲಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕೇಂದ್ರಗಳಲ್ಲಿ ಕೆಲಸ ಮಾಡುವವರಿಗೆ ಉಪಯೋಗ ಆಗಬಹುದು. ಒಕ್ಕೂಟ ಹೇಗೆ ನಡೆಯುತ್ತದೆ ಎಂದು ಕುತೂಹಲ ಇರುವವರಿಗೂ ಆಗಬಹುದು.

ಆರಿಸಿಕೊಂಡ ಮತದಾನ

ಸಭೆಗೆ ನಾವು ಆರಿಸಿದ್ದು ನಿಜವಾಗಿ ನಡೆದ ಒಂದು ಮತದಾನ: 17 ಜೂನ್ 2024, ಲಕ್ಸೆಂಬರ್ಗ್, ಪರಿಸರ ಸಚಿವರ ಸಭೆ. (ಮಂಡಳಿ ಸಾಮಾನ್ಯವಾಗಿ ಸೇರುವುದು ಬ್ರಸೆಲ್ಸಿನಲ್ಲಿ. ಏಪ್ರಿಲ್, ಜೂನ್, ಅಕ್ಟೋಬರ್ ತಿಂಗಳಲ್ಲಿ ಮಾತ್ರ ಲಕ್ಸೆಂಬರ್ಗಿಗೆ ಹೋಗುತ್ತದೆ. ಪ್ರತಿ ವರ್ಷ ಯಾರಾದರೂ ಒಬ್ಬರು ಇದನ್ನು ತಪ್ಪು ಬರೆಯುತ್ತಾರೆ.) ಮುಂದಿದ್ದದ್ದು ನಿಸರ್ಗ ಮರುಸ್ಥಾಪನೆ ಕಾನೂನು.

ಕಾನೂನು ಹೇಳುವುದು ಸರಳ. ಹಾಳಾದ ನೆಲ, ನೀರು, ಕಾಡು, ಜೌಗು ಪ್ರದೇಶಗಳನ್ನು ಮತ್ತೆ ಸರಿಮಾಡಬೇಕು. 2030ರೊಳಗೆ ಒಕ್ಕೂಟದ ನೆಲದ ಕನಿಷ್ಠ 20%, ಸಮುದ್ರದ ಕನಿಷ್ಠ 20% ಭಾಗದಲ್ಲಿ ಈ ಕೆಲಸ ಶುರುವಾಗಿರಬೇಕು. 2050ರ ಹೊತ್ತಿಗೆ ದುರಸ್ತಿ ಬೇಕಾದ ಎಲ್ಲ ಪರಿಸರ ವ್ಯವಸ್ಥೆಗಳಿಗೂ ಅದು ತಲುಪಬೇಕು. ಅಡ್ಡಗಟ್ಟೆಗಳನ್ನು ತೆಗೆದು ಕನಿಷ್ಠ 25,000 ಕಿಲೋಮೀಟರ್ ನದಿ ಮತ್ತೆ ತಡೆಯಿಲ್ಲದೆ ಹರಿಯುವಂತೆ ಮಾಡುವ ಗುರಿಯೂ ಅದರಲ್ಲಿದೆ.

ಹೇಳುವುದು ಸರಳವಾದರೂ ದಾರಿ ಸರಳವಾಗಿರಲಿಲ್ಲ. ಯುರೋಪಿಯನ್ ಆಯೋಗ ಪ್ರಸ್ತಾವ ಮುಂದಿಟ್ಟಿದ್ದು 22 ಜೂನ್ 2022ರಂದು. 12 ಜುಲೈ 2023ರಂದು ಯುರೋಪಿಯನ್ ಸಂಸತ್ತಿನಲ್ಲಿ ಅದನ್ನು ಪೂರ್ತಿ ತಳ್ಳಿಹಾಕಬೇಕು ಎಂಬ ಸೂಚನೆಗೆ 312 ಮತ ಬಿತ್ತು, ವಿರುದ್ಧ 324. ಬರೀ 12 ಮತದ ಅಂತರ. ಆ ವರ್ಷದ ನವೆಂಬರಿನಲ್ಲಿ ಸಂಸತ್ತು ಮತ್ತು ಮಂಡಳಿ ನಡುವೆ ರಾಜಿ ಆಯಿತು. 27 ಫೆಬ್ರವರಿ 2024ರಂದು ಸಂಸತ್ತು 329-275 ಮತಗಳಿಂದ ಒಪ್ಪಿತು. ಉಳಿದದ್ದು ಮಂಡಳಿಯ ಮುದ್ರೆ ಮಾತ್ರ ಎಂದು ಎಲ್ಲರೂ ಅಂದುಕೊಂಡರು. ಆ ಹೊತ್ತಿಗೆ ಯುರೋಪಿನ ರಸ್ತೆಗಳ ಮೇಲೆ ರೈತರ ಟ್ರ್ಯಾಕ್ಟರುಗಳು ನಿಂತಿದ್ದವು. ಮಾರ್ಚ್ ಕೊನೆಯ ವಾರ ಹಂಗೇರಿ ಬೆಂಬಲ ವಾಪಸ್ ತೆಗೆದುಕೊಂಡಿತು. 25 ಮಾರ್ಚಿಗೆ ಇಟ್ಟಿದ್ದ ಮತದಾನ ರದ್ದಾಯಿತು.

ಅಲ್ಲಿಂದ ಜೂನ್‌ವರೆಗೆ ಕಾನೂನು ಅರ್ಧ ದಾರಿಯಲ್ಲೇ ನಿಂತಿತ್ತು. ಮೇ ತಿಂಗಳಲ್ಲಿ ಐರ್ಲೆಂಡಿನ ಸಚಿವ ಈಮನ್ ರಯಾನ್ ಮುಂದಾಳತ್ವದಲ್ಲಿ 11 ದೇಶಗಳ ಸಚಿವರು ಇದನ್ನು ಕೈಬಿಡಬೇಡಿ ಎಂದು ಪತ್ರ ಬರೆದರು. ಮಂಡಳಿಯ ಅಧ್ಯಕ್ಷತೆ ಆರು ತಿಂಗಳಿಗೊಮ್ಮೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತದೆ. ಜೂನ್ 30ಕ್ಕೆ ಬೆಲ್ಜಿಯಂನ ಸರದಿ ಮುಗಿಯುತ್ತಿತ್ತು. ಜುಲೈ 1ರಿಂದ ಅಧ್ಯಕ್ಷ ಸ್ಥಾನ ಹಂಗೇರಿಗೆ. ವಿರೋಧಿಸುವ ದೇಶವೇ ಕಾರ್ಯಸೂಚಿ ಬರೆಯುವಾಗ ಈ ಕಾನೂನು ಮತ್ತೆ ಮೇಲೆ ಬರುವುದು ಕಷ್ಟ ಅಲ್ವಾ. ಹಾಗಾಗಿ ಜೂನ್ 17 ಹೆಚ್ಚು ಕಡಿಮೆ ಕೊನೆಯ ಅವಕಾಶ.

ಕೊನೆಗೆ 20 ದೇಶಗಳು ಪರವಾಗಿ ಮತ ಹಾಕಿದವು. ಇಟಲಿ, ಪೋಲೆಂಡ್, ನೆದರ್‌ಲ್ಯಾಂಡ್ಸ್, ಸ್ವೀಡನ್, ಹಂಗೇರಿ, ಫಿನ್‌ಲ್ಯಾಂಡ್ ವಿರೋಧಿಸಿದವು. ಬೆಲ್ಜಿಯಂ ತಟಸ್ಥವಾಗಿ ಉಳಿಯಿತು. ಕಾನೂನು ಪಾಸಾಯಿತು.

ಲೆಕ್ಕ

ಇಲ್ಲಿ ಲೆಕ್ಕ ಸ್ವಲ್ಪ ನಿಧಾನಕ್ಕೆ ನೋಡಬೇಕು. ಇದು ಗೊತ್ತಿಲ್ಲದೆ ಮುಂದಿನದು ಅರ್ಥ ಆಗುವುದಿಲ್ಲ.

ಮಂಡಳಿಯಲ್ಲಿ ಇಂಥ ಕಾನೂನು ಪಾಸಾಗಲು ಎರಡು ಷರತ್ತು. ಒಂದು, 55% ದೇಶಗಳು ಒಪ್ಪಬೇಕು, ಅಂದರೆ 27ರಲ್ಲಿ 15. ಎರಡು, ಒಪ್ಪಿದ ದೇಶಗಳಲ್ಲಿ ಒಕ್ಕೂಟದ 65% ಜನ ಇರಬೇಕು. ಮೊದಲನೆಯದು ಆ ದಿನ ಸಲೀಸಾಗಿ ದಾಟಿತು. ತೊಡಕಿದ್ದದ್ದು ಎರಡನೆಯದರಲ್ಲಿ. ಇಟಲಿಯಲ್ಲಿ ಸುಮಾರು 13% ಜನ, ಪೋಲೆಂಡಿನಲ್ಲಿ ಸುಮಾರು 8%. ಇವೆರಡು ಆಚೆ ನಿಂತ ಮೇಲೆ ಉಳಿದವರು ಎಷ್ಟೇ ಜನ ಇದ್ದರೂ ಒಂದೊಂದು ಚಿಲ್ಲರೆಯನ್ನೂ ಎಣಿಸಬೇಕಾಗುತ್ತದೆ.

ತಟಸ್ಥವಾಗಿ ಕೂತರೆ ಯಾರಿಗೂ ತೊಂದರೆ ಇಲ್ಲ ಎಂದು ವಿದ್ಯಾರ್ಥಿಗಳು ಅಂದುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಒಪ್ಪಿದವರ ಜನಸಂಖ್ಯೆಯನ್ನು ಮಾತ್ರ ಕೂಡುವುದರಿಂದ ತಟಸ್ಥ ಮತವೂ ಫಲದಲ್ಲಿ ‘ಬೇಡ’ ಎಂದ ಹಾಗೆಯೇ. ಎಲ್ಲರೂ ಒಪ್ಪಲೇಬೇಕಾದ ವಿಷಯಗಳಲ್ಲಿ ಮಾತ್ರ ಇದು ಉಲ್ಟಾ: ಅಲ್ಲಿ ತಟಸ್ಥವಾಗಿ ಉಳಿದವರು ನಿರ್ಣಯವನ್ನು ತಡೆಯುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಬಾಯಲ್ಲಿ ಹತ್ತು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಅಣಕು ಸಭೆಯಲ್ಲಿ ಒಮ್ಮೆ ಸೋತರೆ ಹೋಗುತ್ತದೆ.

ಜೂನ್ 17ರ ಕೊನೆಯ ಲೆಕ್ಕ 66.07%. ಅಂದರೆ ಬೇಕಿದ್ದದ್ದಕ್ಕಿಂತ 1.07 ಜಾಸ್ತಿ. ಆಸ್ಟ್ರಿಯದ ಪಾಲು ಸುಮಾರು 2%. ಅದು ಪರವಾಗಿ ಬರದಿದ್ದರೆ ಕಾನೂನು ಅಲ್ಲೇ ಬೀಳುತ್ತಿತ್ತು. ಸ್ಲೊವಾಕಿಯದ ಪಾಲು ಸುಮಾರು 1.2%. ಅದು ಕೈಬಿಟ್ಟಿದ್ದರೂ ಕಾನೂನು ಬೀಳುತ್ತಿತ್ತು. ಸಣ್ಣ ದೇಶಗಳಿಗೆ ಬೆಲೆ ಇಲ್ಲ ಎನ್ನುವವರಿಗೆ ನಾನು ಈ ಎರಡು ಸಂಖ್ಯೆಗಳನ್ನೇ ತೋರಿಸುತ್ತೇನೆ.

ಕೋಣೆಯಲ್ಲಿ ನಡೆದದ್ದು

31 ವಿದ್ಯಾರ್ಥಿಗಳು. 27 ದೇಶ, ಇಬ್ಬರು ಆಯೋಗದ ಕಡೆಯವರು, ಇಬ್ಬರು ಅಧ್ಯಕ್ಷ ಪೀಠಕ್ಕೆ. ಅಧ್ಯಕ್ಷತೆ ಬೆಲ್ಜಿಯಂನದೇ ಆದರೂ ಪೀಠದಲ್ಲಿ ಕೂತವರು ಬೇರೆ, ಬೆಲ್ಜಿಯಂ ಪರ ಮಾತಾಡುವವರು ಬೇರೆ. ನಿಜವಾದ ಮಂಡಳಿಯಲ್ಲೂ ಹೀಗೆಯೇ.

ಪ್ರತಿಯೊಬ್ಬರಿಗೂ ನಾವು ಒಂದು ಪುಟದ ಟಿಪ್ಪಣಿ ಕೊಟ್ಟಿದ್ದೆವು. ದೇಶದ ನಿಲುವು, ಕಾರಣ, ಎಲ್ಲಿವರೆಗೆ ಬಗ್ಗಬಹುದು, ಕೊನೆಗೆ ಮತ ಏನು. ದಿನಾಂಕವನ್ನು ಬೇಕೆಂದೇ ಜೂನ್ 15ಕ್ಕೆ ನಿಲ್ಲಿಸಿದ್ದೆವು, ಆಮೇಲೆ ನಡೆದದ್ದು ಟಿಪ್ಪಣಿಯಲ್ಲಿ ಇರಬಾರದು ಅಂತ. ಆಸ್ಟ್ರಿಯದ ಟಿಪ್ಪಣಿಯ ಕೊನೆಯ ಸಾಲು: "ರಾಜ್ಯಗಳ ವಿರೋಧವಿದೆ. ಮತ: ತಟಸ್ಥ."

ಮೂರು ಗಂಟೆಯ ಸಭೆ. ಮೊದಲ ಗಂಟೆ ಭಾಷಣಗಳಲ್ಲಿ ಹೋಯಿತು, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಎರಡನೇ ಗಂಟೆಗೆ ಎಲ್ಲರೂ ಲೆಕ್ಕಕ್ಕೆ ಇಳಿದರು. ಮಂಡಳಿಯೇ ಜನರಿಗಾಗಿ ಇಟ್ಟಿರುವ ಮತ ಲೆಕ್ಕದ ಸಾಧನ ಗೋಡೆಯ ಪರದೆ ಮೇಲಿತ್ತು. ಒಂದೊಂದು ದೇಶ ಒತ್ತಿದ ಹಾಗೆ ಶೇಕಡಾವಾರು ಏರುತ್ತದೆ. 64ರ ಹತ್ತಿರ ಬಂದು ನಿಂತಿತು. ಇನ್ನೊಂದು ಚೂರು ಬೇಕು.

ವಿರಾಮದಲ್ಲಿ ಆರೇಳು ಜನ ಬೆಲ್ಜಿಯಂ ಹುಡುಗಿಯ ಸುತ್ತ ನಿಂತರು. ಅವಳ ಕೈಯಲ್ಲಿ ಸುಮಾರು 2.6% ಇತ್ತು. "ಅಧ್ಯಕ್ಷತೆ ನಿಮ್ಮದೇ. ನಿಮ್ಮ ಸಚಿವರೇ ಇದನ್ನು ಪಾಸು ಮಾಡಿಸಬೇಕು ಅಂತಿದ್ದಾರೆ. ಒಂದು ‘ಹೌದು’ ಅನ್ನೋಕೆ ಏನು ಕಷ್ಟ?" ಎಂದು ಫ್ರಾನ್ಸ್ ಕೇಳಿದ. ಸ್ಪೇನ್ ಕೇಳಿದಳು. ಜರ್ಮನಿ ಗದ್ದಲ ಮಾಡದೆ ಕೇಳಿದ. ಎಲ್ಲರಿಗೂ ಅವಳದು ಒಂದೇ ಮಾತು: "ಆಗಲ್ಲ. ನನ್ನ ಹತ್ತಿರ ಒಪ್ಪಿಗೆ ಇಲ್ಲ." ಪಕ್ಕದಲ್ಲೇ ನಿಂತು ನಾನು ನನ್ನ ಹಾಳೆಯಲ್ಲಿ ‘3’ ಎಂದು ಬರೆದೆ.

ಇನ್ನೊಂದು ಕಡೆ ಆಸ್ಟ್ರಿಯ ಕುರ್ಚಿಯ ಹುಡುಗ ಟಿಪ್ಪಣಿಯನ್ನು ಮಗುಚಿ ಮಗುಚಿ ನೋಡುತ್ತಿದ್ದ. ಹಿಂದಿನ ಪುಟ ಖಾಲಿ. ಕೊನೆಗೆ ಎದ್ದು ನನ್ನ ಹತ್ತಿರ ಬಂದ. "ನಾನು ಪರಿಸರ ಸಚಿವೆ. ನನಗೆ ಈ ಕಾನೂನು ಬೇಕು. ಚಾನ್ಸಲರ್‌ಗೆ, ಅಂದ್ರೆ ಸರ್ಕಾರದ ಮುಖ್ಯಸ್ಥರಿಗೆ, ಬೇಡ. ರಾಜ್ಯಗಳಲ್ಲಿ ಎರಡು ಈಗ ಮನಸ್ಸು ಬದಲಿಸಿವೆ ಅಂತ ಓದಿದೆ. ನಾನು ಯಾರ ಮಾತು ಕೇಳಬೇಕು ಮೇಡಂ?"

"ಟಿಪ್ಪಣಿಯಲ್ಲಿ ಇರೋದನ್ನೇ ಮಾಡಿ," ಎಂದೆ.

ಮತದಾನ ಆಯಿತು. 19 ದೇಶಗಳು ಪರ. ಜನಸಂಖ್ಯೆ 64% ಚಿಲ್ಲರೆ. ಪೀಠದ ಹುಡುಗಿ ಅಂಗೀಕಾರವಾಗಲಿಲ್ಲ ಎಂದು ಓದಿ ಫೈಲು ಮುಚ್ಚಿದಳು. ನಿಜದಲ್ಲಿ ಗೆದ್ದ ಕಾನೂನು ನಮ್ಮ ಕೋಣೆಯಲ್ಲಿ ಸೋತಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಡೀ ಮಧ್ಯಾಹ್ನದಲ್ಲಿ ಬಂದ ಒಳ್ಳೆಯ ಪ್ರಶ್ನೆ ಆ ಹುಡುಗನದು. ಅದನ್ನು ನಾನು ಅಲ್ಲೇ ಮುಚ್ಚಿಹಾಕಿದ್ದೆ.

ನಾಲ್ಕು ಹಾಳೆಯಲ್ಲಿ ಇದ್ದದ್ದು

ಬೆಲ್ಜಿಯಂ ಹುಡುಗಿ ತಂದ ಹಾಳೆಗಳಿಗೆ ಬರುತ್ತೇನೆ.

ಬೆಲ್ಜಿಯಂನಲ್ಲಿ ಪರಿಸರದ ಬಹುಪಾಲು ಅಧಿಕಾರ ಇರುವುದು ಪ್ರದೇಶ ಸರ್ಕಾರಗಳ ಕೈಯಲ್ಲಿ: ಫ್ಲಾಂಡರ್ಸ್, ವಲೋನಿಯ, ಬ್ರಸೆಲ್ಸ್. ಒಕ್ಕೂಟದ ಮೇಜಿನ ಮೇಲೆ ಬೆಲ್ಜಿಯಂ ಒಂದೇ ಮತ ಹಾಕಬೇಕು, ಆ ಮತವನ್ನು ಒಡೆಯುವ ಹಾಗಿಲ್ಲ. ಆದ್ದರಿಂದ 1994ರ ಒಂದು ಒಳ ಒಪ್ಪಂದದ ಪ್ರಕಾರ ಮೊದಲು ಮನೆಯಲ್ಲಿ ಎಲ್ಲರೂ ಒಂದು ಮಾತಿಗೆ ಬರಬೇಕು. ಬರದಿದ್ದರೆ ಬೆಲ್ಜಿಯಂ ತಟಸ್ಥ. ಈ ಕಾನೂನಿಗೆ ಫ್ಲಾಂಡರ್ಸ್ ಸರ್ಕಾರದ ವಿರೋಧವಿತ್ತು. ಪ್ರಧಾನಿ ಅಲೆಕ್ಸಾಂಡರ್ ಡಿ ಕ್ರೂ ಅವರೇ 2023ರ ಮೇ ತಿಂಗಳಲ್ಲಿ ಇಂಥ ಕಾನೂನುಗಳಿಗೆ ಸ್ವಲ್ಪ ದಿನ ತಡೆ ಕೊಡೋಣ ಎಂದಿದ್ದರು.

ಈಗ ಲಕ್ಸೆಂಬರ್ಗಿನ ಆ ಸಭೆಯನ್ನು ಮತ್ತೆ ನೋಡಿ. ಪೀಠದಲ್ಲಿ ಕೂತಿದ್ದವರು ಅಲೆನ್ ಮರೋನ್, ಬ್ರಸೆಲ್ಸ್ ಪ್ರದೇಶದ ಪರಿಸರ ಸಚಿವ, ಹಸಿರು ಪಕ್ಷದವರು. ಕಾನೂನು ಪಾಸಾಗಲಿ ಎಂದು ತಿಂಗಳುಗಟ್ಟಲೆ ದುಡಿದವರು. ಅವರ ದೇಶದ ಕುರ್ಚಿ ಮಾತ್ರ ತಟಸ್ಥ. ಅವರು ಬಗ್ಗಲಿಲ್ಲ ಅಂತಲ್ಲ, ಅವರ ದೇಶದ ಕಟ್ಟಳೆ ಬಗ್ಗಲು ಬಿಡುವುದಿಲ್ಲ. ನಮ್ಮ ಹುಡುಗಿ ಆಡಿದ್ದು ಅದನ್ನೇ. ಅವಳು ಸುಮ್ನೆ ಹಟ ಹಿಡಿದಿರಲಿಲ್ಲ. ಆ ಕೋಣೆಯಲ್ಲಿ ತನ್ನ ಪಾತ್ರ ಪೂರ್ತಿ ಗೊತ್ತಿದ್ದದ್ದು ಬಹುಶಃ ಅವಳೊಬ್ಬಳಿಗೇ.

ನಮ್ಮ ‘ಸಂಧಾನ’ ಕಾಲಮ್ಮಿನ ವಿವರಣೆ ತೆಗೆದು ಓದಿದೆ. "ತನ್ನ ನಿಲುವಿನಿಂದ ಎಷ್ಟು ಸರಿದು ಒಪ್ಪಂದಕ್ಕೆ ನೆರವಾದರು" ಎಂದಿತ್ತು. ಅಂದರೆ ಸರಿಯಲು ಸ್ವಾತಂತ್ರ್ಯ ಇರುವ ದೇಶದವರಿಗೆ ಅಂಕ, ಇಲ್ಲದವರಿಗೆ ಇಲ್ಲ. ಹಲವು ವರ್ಷ ಇದೇ ಅಳತೆಗೋಲು ಹಿಡಿದು ಅಂಕ ಹಾಕಿದ್ದೇವೆ. ಇದನ್ನು ಬರೆಯುವಾಗಲೂ ಮನಸ್ಸು ಚುಚ್ಚುತ್ತದೆ.

ಆಸ್ಟ್ರಿಯದ ಕಥೆ

ಅವಳು ಹೋದ ಮೇಲೆ ಆಸ್ಟ್ರಿಯದ ಹುಡುಗನ ಪ್ರಶ್ನೆ ನೆನಪಾಯಿತು. ಆ ಕಥೆ ಇನ್ನೂ ಗಟ್ಟಿ.

ಆಸ್ಟ್ರಿಯದಲ್ಲಿ 9 ರಾಜ್ಯಗಳು. ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯದಲ್ಲಿ ಅವು ಒಟ್ಟಾಗಿ ಒಂದೇ ನಿಲುವು ತಳೆದರೆ ಅದು ಕೇಂದ್ರ ಸರ್ಕಾರವನ್ನು ಕಟ್ಟಿಹಾಕುತ್ತದೆ ಎಂದು ಅಲ್ಲಿನ ಸಂವಿಧಾನದ 23ಡಿ ವಿಧಿ ಹೇಳುತ್ತದೆ. ತೀರಾ ಬಲವಾದ ಕಾರಣ ಇದ್ದರೆ ಮಾತ್ರ ಅದನ್ನು ದಾಟಬಹುದು. ಈ ಕಾನೂನಿನ ವಿರುದ್ಧ ರಾಜ್ಯಗಳು ಒಟ್ಟಾಗಿ ನಿಂತಿದ್ದವು. ಆದರೆ 2024ರಲ್ಲಿ, ಮತದಾನಕ್ಕೆ ಸ್ವಲ್ಪ ಮುಂಚೆ, ವಿಯೆನ್ನಾ ಮತ್ತು ಕರಿಂಥಿಯ ಆ ಸಾಲಿನಿಂದ ಆಚೆ ಬಂದವು. ಹಾಗಾದರೆ ‘ಒಂದೇ ನಿಲುವು’ ಇನ್ನೂ ಉಳಿದಿದೆಯಾ? ಇಲ್ಲ ಎಂದರು ಪರಿಸರ ಸಚಿವೆ ಲಿಯೊನೋರ್ ಗೆವೆಸ್ಲರ್. ಹಳೆಯದನ್ನು ವಿಧಿಪ್ರಕಾರ ಹಿಂತೆಗೆದುಕೊಂಡಿಲ್ಲ, ಆದ್ದರಿಂದ ಅದು ಉಳಿದಿದೆ ಎಂದರು ಎದುರಿನವರು.

ಗೆವೆಸ್ಲರ್ ಹಸಿರು ಪಕ್ಷದವರು. ಆಗಿನ ಚಾನ್ಸಲರ್ ಕಾರ್ಲ್ ನೆಹಾಮ್ಮರ್ ಜನತಾ ಪಕ್ಷದವರು. ಎರಡೂ ಪಕ್ಷಗಳು ಸೇರಿ 2020ರಿಂದ ಸರ್ಕಾರ ನಡೆಸುತ್ತಿದ್ದವು. ಜೂನ್ 16, ಭಾನುವಾರ, ತಾನು ಪರವಾಗಿ ಮತ ಹಾಕುತ್ತೇನೆ ಎಂದು ಗೆವೆಸ್ಲರ್ ಬಹಿರಂಗವಾಗಿ ಹೇಳಿದರು. ಕಾನೂನು ತಜ್ಞರ ಅಭಿಪ್ರಾಯ ಪಡೆದಿದ್ದೇನೆ ಎಂದರು. ನೆಹಾಮ್ಮರ್ ಬೆಲ್ಜಿಯಂ ಅಧ್ಯಕ್ಷತೆಗೆ ಪತ್ರ ಬರೆದು, ಸಚಿವೆಗೆ ಆ ಅಧಿಕಾರ ಇಲ್ಲ, ಆಕೆಯ ಮತ ಕಾನೂನುಬಾಹಿರ ಆಗುತ್ತದೆ ಎಂದು ತಿಳಿಸಿದರು. ಮರುದಿನ ಗೆವೆಸ್ಲರ್ ಮತ ಹಾಕಿದರು. ಅದು ಆಸ್ಟ್ರಿಯದ ಒಳಗಿನ ವಿಷಯ ಎಂದು ಪೀಠ ಬಿಟ್ಟುಬಿಟ್ಟಿತು. ಮತ ಲೆಕ್ಕಕ್ಕೆ ಬಂತು.

ಯಾಕೆ ಬಂತು? ಒಕ್ಕೂಟದ ಒಪ್ಪಂದದ 16ನೇ ವಿಧಿಯ ಎರಡನೇ ಭಾಗದಲ್ಲಿ ಉತ್ತರ ಇದೆ. ಮಂಡಳಿಯಲ್ಲಿ ಪ್ರತಿ ದೇಶದಿಂದ ಸಚಿವ ಮಟ್ಟದ ಒಬ್ಬ ಪ್ರತಿನಿಧಿ ಇರುತ್ತಾರೆ, ಅವರು ತಮ್ಮ ಸರ್ಕಾರದ ಪರವಾಗಿ ಮಾತು ಕೊಡಬಲ್ಲರು, ಮತ ಹಾಕಬಲ್ಲರು. ಮೇಜಿನ ಮೇಲೆ ನೋಡುವುದು ಇಷ್ಟೇ. ಆ ಸಚಿವರ ಹಿಂದೆ ಮನೆಯಲ್ಲಿ ಏನು ನಡೆದಿದೆ ಎಂದು ಪೀಠ ವಿಚಾರಣೆ ಮಾಡುತ್ತಾ ಕೂರುವುದಿಲ್ಲ.

ಎರಡೂ ದೇಶಗಳಲ್ಲಿ ಅಧಿಕಾರ ಕೇಂದ್ರಕ್ಕೂ ರಾಜ್ಯ ಅಥವಾ ಪ್ರದೇಶಗಳಿಗೂ ಹಂಚಿಹೋಗಿದೆ. ಎರಡರಲ್ಲೂ ಕೆಳಗಿನ ಸರ್ಕಾರಗಳಿಗೆ ಈ ಕಾನೂನಿನ ಮೇಲೆ ಹಿಡಿತ ಇತ್ತು. ಬೆಲ್ಜಿಯಂನಲ್ಲಿ ಒಡಕು ಬಂದ ಕೂಡಲೇ ಮತ ತಟಸ್ಥವಾಯಿತು. ಆಸ್ಟ್ರಿಯದಲ್ಲಿ ಒಡಕು ಬಂದದ್ದರಿಂದಲೇ ಮತಕ್ಕೆ ದಾರಿ ತೆರೆಯಿತು. ಇಷ್ಟು ಚೆನ್ನಾಗಿ ಜೋಡಿಸಿಟ್ಟ ಹಾಗಿರುವ ಎರಡು ಕುರ್ಚಿಗಳನ್ನು ಒಂದೇ ಕೋಣೆಯಲ್ಲಿ ಇಟ್ಟುಕೊಂಡು ನಾವು ಇಬ್ಬರಿಗೂ "ಮತ: ತಟಸ್ಥ" ಎಂದು ಬರೆದುಕೊಟ್ಟಿದ್ದೆವು.

ನನ್ನ ಅಭಿಪ್ರಾಯ ಕೇಳಿದರೆ, ಲಕ್ಸೆಂಬರ್ಗಿನ ಮೇಜಿನ ಮೇಲೆ ಗೆವೆಸ್ಲರ್ ಅವರ ಮತ ಸರಿಯಾಗಿಯೇ ಎಣಿಕೆಯಾಯಿತು. ವಿಯೆನ್ನಾದಲ್ಲಿ ಅದು ಸರಿಯೇ ಎಂಬುದು ಬೇರೆ ಪ್ರಶ್ನೆ. ಅದರ ಮೇಲೆ ನಮ್ಮ ಕೇಂದ್ರದ ಕಾನೂನು ಪ್ರಾಧ್ಯಾಪಕರಿಗೂ ನನಗೂ ಇವತ್ತಿಗೂ ಒಮ್ಮತ ಇಲ್ಲ. ಎರಡನ್ನೂ ಬೆರೆಸಿ ಒಂದೇ ಉತ್ತರ ಕೊಡುವ ವಿದ್ಯಾರ್ಥಿಗೆ ಮಾತ್ರ ನಾವಿಬ್ಬರೂ ಅಂಕ ಕಡಿಮೆ ಮಾಡುತ್ತೇವೆ.

ತಪ್ಪು ಎಲ್ಲಿತ್ತು

ಮುಂದಿನ ವಾರ ಮೂವರು ಕೂತೆವು. ನಾನು, ಕಾನೂನು ಪ್ರಾಧ್ಯಾಪಕರು, ಗ್ರಂಥಪಾಲಕರು. ಹಳೆಯ 27 ಟಿಪ್ಪಣಿಗಳನ್ನು ಮೇಜಿನ ಮೇಲೆ ಹರಡಿದೆವು.

ತಪ್ಪನ್ನು ಮೊದಲು ಹಿಡಿದವರು ಗ್ರಂಥಪಾಲಕರು. ಆಸ್ಟ್ರಿಯದ ಟಿಪ್ಪಣಿಗೆ ನಾವು ಬಳಸಿದ್ದ ಮೂಲಗಳ ಪಟ್ಟಿಯ ಮೇಲೆ ಬೆರಳಿಟ್ಟು ಇಳಿಸಿದರು. "ಒಂಬತ್ತೂ ಇಂಗ್ಲಿಷ್. ಒಂಬತ್ತೂ ಬ್ರಸೆಲ್ಸಿನಲ್ಲಿ ಕೂತು ಬರೆದದ್ದು. ವಿಯೆನ್ನಾದ್ದು ಒಂದೂ ಇಲ್ಲ." ಬ್ರಸೆಲ್ಸಿನಿಂದ ನೋಡುವವರಿಗೆ ಆಸ್ಟ್ರಿಯ ಎಂದರೆ ಒಂದು ಹೆಸರು, ಒಂದು ಶೇಕಡಾವಾರು, ಒಂದು ಮತ. ಆ ಕಣ್ಣಿನಿಂದಲೇ ನಾವು ಟಿಪ್ಪಣಿ ಬರೆದೆವು. ವಿದ್ಯಾರ್ಥಿಗೂ ಅದೇ ಕಣ್ಣು ಕೊಟ್ಟೆವು.

ನಮ್ಮಂಥ ಕೇಂದ್ರಗಳು ಈ ತಪ್ಪು ಮಾಡಬಾರದು. ಒಕ್ಕೂಟದ ಸಂಸ್ಥೆಗಳ ಚಿತ್ರ ಬರೆದು ಬಾಣ ಎಳೆಯುವುದು ಯಾವ ಪಠ್ಯಪುಸ್ತಕದಿಂದಲೂ ಆಗುತ್ತದೆ. ಅದಕ್ಕೆ ಒಂದು ಕೇಂದ್ರ ಬೇಕಿಲ್ಲ. ಕಾನೂನು, ಇತಿಹಾಸ, ಭಾಷೆ, ಅರ್ಥಶಾಸ್ತ್ರದವರು ಒಂದೇ ಮಹಡಿಯಲ್ಲಿ ಕೂರುವುದು ಯಾಕೆ? ಬ್ರಸೆಲ್ಸಿನ ಒಂದು ಮತವನ್ನು ಹಿಡಿದು ಆ ದೇಶದ ಸಂವಿಧಾನದವರೆಗೆ, ಪತ್ರಿಕೆಯವರೆಗೆ, ಹೊಲದವರೆಗೆ ಹೋಗಲು ಸಾಧ್ಯವಾಗಲಿ ಅಂತ. ಇದಕ್ಕೆ ವ್ಯವಸ್ಥೆಯೂ ಇದೆ. ಒಕ್ಕೂಟದ ದಾಖಲೆ ಕೇಂದ್ರಗಳು ವಿಶ್ವವಿದ್ಯಾಲಯಗಳಲ್ಲಿ 1963ರಿಂದಲೂ ಇವೆ. 1989ರಲ್ಲಿ ಶುರುವಾದ ಜಾನ್ ಮೊನೆ ಯೋಜನೆ ಈ ವಿಷಯದ ಪಾಠ, ಸಂಶೋಧನೆಗೆ ದುಡ್ಡು ಕೊಡುತ್ತದೆ, ಒಕ್ಕೂಟದ ಹೊರಗಿನ ವಿಶ್ವವಿದ್ಯಾಲಯಗಳಿಗೂ ಕೊಡುತ್ತದೆ. ಒಕ್ಕೂಟದ ಕಾನೂನುಗಳು 24 ಅಧಿಕೃತ ಭಾಷೆಗಳಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಬಾಗಿಲು ತೆರೆದೇ ಇತ್ತು. ನಾವು ಒಂದೇ ಕಿಟಕಿಯಿಂದ ನೋಡಿದೆವು.

ಅಂಕದ ವಿಷಯ ಬೇಗ ತೀರ್ಮಾನವಾಯಿತು. ಆ ಸೆಮಿಸ್ಟರಿನ ‘ಸಂಧಾನ’ ಕಾಲಮ್ಮನ್ನು ಎಲ್ಲ 31 ಜನರಿಗೂ ತೆಗೆದುಹಾಕಿ, ಉಳಿದ ಕಾಲಮ್ಮುಗಳ ಮೇಲೆ ಫಲಿತಾಂಶ ಕೊಟ್ಟೆವು. ಬೆಲ್ಜಿಯಂ ಒಬ್ಬಳಿಗೆ ಏರಿಸಿದ್ದರೆ ಉಳಿದವರಿಗೆ ಅನ್ಯಾಯ ಆಗುತ್ತಿತ್ತು. ಅಂಕ ಇಳಿದ ನಾಲ್ವರು ಬೇಸರ ಮಾಡಿಕೊಂಡರು. ಅವರನ್ನು ಒಬ್ಬೊಬ್ಬರಾಗಿ ಕರೆದು ವಿವರಿಸಿದೆ. ಮೂವರು ಒಪ್ಪಿದರು. ಒಬ್ಬ ಒಪ್ಪಲಿಲ್ಲ, ಅವನ ಬೇಸರದಲ್ಲೂ ನ್ಯಾಯ ಇತ್ತು.

ಮನೆ ಕಾಗದ

2025ರ ಮೊದಲ ಸೆಮಿಸ್ಟರಿನಲ್ಲಿ ಅದೇ ಮತದಾನವನ್ನು ಬೇರೆ ತಂಡಕ್ಕೆ ಕೊಟ್ಟೆವು. ಈ ಸಲ ಟಿಪ್ಪಣಿಯಲ್ಲಿ ‘ಮತ’ ಎಂಬ ಸಾಲೇ ಇಲ್ಲ. ಬದಲಿಗೆ ಎರಡನೇ ಕಾಗದ. ನಾವು ಅದಕ್ಕೆ ‘ಮನೆ ಕಾಗದ’ ಅಂತ ಹೆಸರಿಟ್ಟೆವು. ಅದರಲ್ಲಿ ಪ್ರಶ್ನೆಗಳು ಮಾತ್ರ: ಈ ಸಚಿವರನ್ನು ಮನೆಯಲ್ಲಿ ಯಾರು ಕಟ್ಟಿಹಾಕಬಲ್ಲರು? ಯಾವ ನಿಯಮದಿಂದ? ಅದನ್ನು ಮೀರಿದರೆ ಏನಾಗುತ್ತದೆ? ಉತ್ತರ ಹುಡುಕಲು ಮೂರು ವಾರ.

ಬಂದ ಉತ್ತರಗಳು ನಮಗೂ ಪಾಠವಾದವು. ಡೆನ್ಮಾರ್ಕ್ ಹುಡುಗ ಬರೆದ: ನಮ್ಮ ಸಚಿವರು ಮುಖ್ಯ ಮಾತುಕತೆಗೆ ಹೊರಡುವ ಮುಂಚೆ ಸಂಸತ್ತಿನ ಯುರೋಪ್ ಸಮಿತಿಗೆ ಹೋಗಿ ತಮ್ಮ ನಿಲುವು ಹೇಳಬೇಕು, ಅಲ್ಲಿ ಬಹುಮತ ಅದರ ವಿರುದ್ಧ ಇಲ್ಲದಿದ್ದರೆ ಮಾತ್ರ ಮುಂದೆ. ಫಿನ್‌ಲ್ಯಾಂಡ್ ಹುಡುಗಿ ತನ್ನ ಸಂಸತ್ತಿನ ‘ದೊಡ್ಡ ಸಮಿತಿ’ಯ ಬಗ್ಗೆ ಎರಡು ಪುಟ ಬರೆದಳು. ಜರ್ಮನಿಯಲ್ಲಿ ಮಿತ್ರ ಪಕ್ಷಗಳು ಒಪ್ಪದಿದ್ದರೆ ದೇಶ ತಟಸ್ಥವಾಗಿ ಉಳಿಯುವುದು ಎಷ್ಟು ರೂಢಿಯೆಂದರೆ ಬ್ರಸೆಲ್ಸಿನಲ್ಲಿ ಅದಕ್ಕೆ ‘ಜರ್ಮನ್ ಮತ’ ಎಂದೇ ಹೆಸರಿದೆ. ಈ ಕಾನೂನಿನಲ್ಲಿ ಮಾತ್ರ ಜರ್ಮನಿ ‘ಹೌದು’ ಎಂದಿತ್ತು. ಅದು ಹೇಗೆ ಸಾಧ್ಯವಾಯಿತು ಎಂದು ಹುಡುಕುವುದೇ ಆ ವಿದ್ಯಾರ್ಥಿಯ ಕೆಲಸವಾಯಿತು.

ಎಲ್ಲವೂ ತುಂಬಲಿಲ್ಲ. ಹಂಗೇರಿಯನ್ ಓದುವವರು ನಮ್ಮಲ್ಲಿ ಯಾರೂ ಇಲ್ಲ. ಆ ಮನೆ ಕಾಗದದ ಅರ್ಧ ಖಾಲಿಯೇ ಬಂತು. ಖಾಲಿ ಬಿಟ್ಟದ್ದಕ್ಕೆ ಅಂಕ ಕಡಿಯಲಿಲ್ಲ. ಯಾವ ಭಾಷೆ ಬಾರದ್ದರಿಂದ ಎಷ್ಟು ಕಾಣಲಿಲ್ಲ ಎಂದು ಕೆಳಗೆ ಬರೆಯಲು ಹೇಳಿದೆವು.

ಸಭೆಯ ದಿನ ಆಸ್ಟ್ರಿಯ ಕುರ್ಚಿಯಲ್ಲಿ ಇದ್ದವಳು ಬೇರೆ ಹುಡುಗಿ. ಅವಳ ಹಿಂದೆ ಒಂದು ಪುಟ್ಟ ಮೇಜು, ಅಲ್ಲಿ ಚಾನ್ಸಲರ್ ಪಾತ್ರಕ್ಕೆ ಕಾನೂನು ವಿಭಾಗದ ಒಬ್ಬ ಹುಡುಗ. ಮತದಾನಕ್ಕೆ ಮುಂಚೆ ಅವನಿಂದ ಅವಳಿಗೆ ಮೂರು ಚೀಟಿ ಬಂದವು. ಮೊದಲೆರಡನ್ನು ಓದಿ ಪುಸ್ತಕದ ಕೆಳಗೆ ಇಟ್ಟಳು. ಮೂರನೆಯದನ್ನು ತುಂಬಾ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಪೀಠ ಹೆಸರು ಕೂಗಿದಾಗ ಎದ್ದು 23ಡಿ ವಿಧಿ ಓದಿದಳು, ವಿಯೆನ್ನಾ ಮತ್ತು ಕರಿಂಥಿಯ ಹೇಳಿದ್ದೇನು ಎಂದು ಓದಿದಳು. ಎರಡು ರಾಜ್ಯ ಮನಸ್ಸು ಬದಲಿಸಿದರೂ ಒಂಬತ್ತೂ ಸೇರಿ ಬರೆದದ್ದನ್ನು ಯಾರೂ ಅಳಿಸಿಲ್ಲ ಎಂದು ತನಗೆ ಅನ್ನಿಸುತ್ತದೆ ಎಂದಳು. ತಟಸ್ಥ.

ಪರದೆ ಮೇಲೆ ಮತ್ತೆ 64% ಚಿಲ್ಲರೆ. ಕಾನೂನು ನಮ್ಮ ಕೋಣೆಯಲ್ಲಿ ಎರಡನೇ ಸಲ ಸೋತಿತು. ಈ ಸಲ ಅಂಕದ ಬಗ್ಗೆ ಯಾರೂ ಕೇಳಲಿಲ್ಲ. ಗಂಟೆ ಮುಗಿದ ಮೇಲೂ ಮುಕ್ಕಾಲು ಗಂಟೆ ಯಾರೂ ಎದ್ದು ಹೋಗಲಿಲ್ಲ. ಅವಳು ಮಾಡಿದ್ದು ಸರಿಯಾ ಅಂತ ವಾದ ನಡೆದೇ ಇತ್ತು. ನಾನು ಅವಳಿಗೆ ಒಂಬತ್ತು ಕೊಟ್ಟೆ. ಗೆವೆಸ್ಲರ್ ಮಾಡಿದ ಹಾಗೆ ಮಾಡಿದ್ದರೂ, ಅಷ್ಟೇ ಚೆನ್ನಾಗಿ ಕಾರಣ ಹೇಳಿದ್ದರೆ, ಒಂಬತ್ತೇ ಕೊಡುತ್ತಿದ್ದೆ.

ಈಗ

ಕಾನೂನು 18 ಆಗಸ್ಟ್ 2024ರಂದು ಜಾರಿಗೆ ಬಂತು. ಪ್ರತಿ ದೇಶವೂ ತನ್ನ ಮರುಸ್ಥಾಪನೆ ಯೋಜನೆಯ ಕರಡನ್ನು ಆಯೋಗಕ್ಕೆ ಕೊಡಲು 1 ಸೆಪ್ಟೆಂಬರ್ 2026ರವರೆಗೆ ಕಾಲಾವಕಾಶ. ಯಾವ ಜೌಗು, ಯಾವ ನದಿ, ಯಾರ ನೆಲ ಎಂಬುದು ಬರುವುದು ಅಲ್ಲಿ. ಮುಂದಿನ ಅಣಕು ಸಭೆಗೆ ಅದನ್ನೇ ಇಟ್ಟುಕೊಳ್ಳೋಣ ಎಂದು ಕಾನೂನು ಪ್ರಾಧ್ಯಾಪಕರು ಹೇಳುತ್ತಿದ್ದಾರೆ. ಅದರಲ್ಲಿ ಮತದಾನವೇ ಇಲ್ಲ, ಹಾಗಾಗಿ ಹೇಗೆ ಆಡಿಸುವುದು ಎಂದು ಇನ್ನೂ ತೋಚಿಲ್ಲ.

ಮೊದಲ ಸಭೆಯಲ್ಲಿ ಬೆಲ್ಜಿಯಂ ಆಗಿದ್ದ ಹುಡುಗಿ ಈಗ ಪ್ರಬಂಧ ಬರೆಯುತ್ತಿದ್ದಾಳೆ. ಫ್ಲಾಂಡರ್ಸ್, ವಲೋನಿಯ, ಬ್ರಸೆಲ್ಸ್ ಸೇರಿ ಒಂದೇ ಯೋಜನೆಯನ್ನು ಹೇಗೆ ಬರೆಯುತ್ತವೆ ಎಂಬುದು ಅವಳ ವಿಷಯ. ಫ್ರೆಂಚ್ ಮೊದಲೇ ಬರುತ್ತಿತ್ತು. ಈಗ ಡಚ್ ಕಲಿಯುತ್ತಿದ್ದಾಳೆ. ಸಂಜೆ ಗ್ರಂಥಾಲಯಕ್ಕೆ ಹೋದರೆ ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿರುತ್ತಾಳೆ. ಎಡಗಡೆ ನಿಘಂಟು, ಬಲಗಡೆ ಫ್ಲಾಂಡರ್ಸ್ ಸರ್ಕಾರದ ಕಾಗದ, ಕೈಯಲ್ಲಿ ಅದೇ ಹಳದಿ ಪೆನ್ನು.